ಸಹಿ ನನ್ನದಲ್ಲ ಎಂದ ಮೇಲೆ: ಕೈಬರಹ ತಜ್ಞರ ವರದಿ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ

“ತಜ್ಞರಿಗೆ ಕಳುಹಿಸಿ ಎಂದು ಹಾಕಿದ ಅರ್ಜಿ ವಜಾ ಆಯಿತು.” “ವರದಿ ಬಂತು, ಆದರೆ ಅಭಿಪ್ರಾಯ ಕೊಡಲು ಸಾಧ್ಯವಿಲ್ಲ ಎಂದು ಬರೆದಿದ್ದಾರೆ.” “ವರದಿ ನಮ್ಮ ಪರವಾಗಿಯೇ ಇತ್ತು, ತೀರ್ಪಿನಲ್ಲಿ ಬದಿಗಿಟ್ಟರು.” ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದ ನ್ಯಾಯಾಲಯಗಳ ಜಗಲಿಯಲ್ಲಿ ಈ ಮೂರು ಮಾತು ನನ್ನ ಕಿವಿಗೆ ಬೀಳದ ತಿಂಗಳಿಲ್ಲ. ಮೂರಕ್ಕೂ ಕಾರಣ ಹೆಚ್ಚಿನ ಸಲ ಒಂದೇ: ತಜ್ಞರಿಗೆ ಹೋಲಿಸಿ ನೋಡಲು ತಕ್ಕ ಸಹಿಯೇ ಸಿಕ್ಕಿರುವುದಿಲ್ಲ. ಕಕ್ಷಿದಾರರ ಕಣ್ಣು ಪ್ರಯೋಗಾಲಯದ ಮೇಲಿರುತ್ತದೆ. ಗೆಲುವು ಸೋಲು ತೀರ್ಮಾನವಾಗುವುದು ಮಾತ್ರ ದಾಖಲೆ ಅಲ್ಲಿಗೆ ಹೊರಡುವ ಮೊದಲು.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಸಿವಿಲ್ ದಾವೆಗಳ ಕುರಿತು. ಕ್ರಯದ ಕರಾರು, ಪಾಲುಪಟ್ಟಿ, ಉಯಿಲು, ಪ್ರೋನೋಟುಗಳ ಮೇಲಿನ ಸಹಿ ಮತ್ತು ಹೆಬ್ಬೆಟ್ಟಿನ ವಿವಾದಗಳು. ಕೊನೆಯಲ್ಲಿ ಚೆಕ್ ಬೌನ್ಸ್ ಪ್ರಕರಣಕ್ಕೆ ಬೇಕಾದಷ್ಟು ಸೇರಿಸಿದ್ದೇನೆ. ವಕೀಲರು ಮಾಡಬೇಕಾದದ್ದನ್ನು ಅವರೇ ಮಾಡಲಿ. ಆದರೆ ಹಳೆಯ ಸಹಿಗಳನ್ನು ಹುಡುಕಿ ತರುವ ಕೆಲಸ ನಿಮ್ಮದು, ಅದನ್ನು ಬೇರೆ ಯಾರೂ ನಿಮ್ಮಷ್ಟು ಚೆನ್ನಾಗಿ ಮಾಡಲಾರರು.

ಮೊದಲು ಕೈಯಲ್ಲಿರಬೇಕಾದವು

ವಾದಪತ್ರ (ದಾವೆ ತಂದವರ ಅರ್ಜಿ) ಮತ್ತು ಲಿಖಿತ ಹೇಳಿಕೆಯ (ಅದಕ್ಕೆ ಪ್ರತಿವಾದಿ ಕೊಟ್ಟ ಉತ್ತರ) ನಕಲು, ವಿವಾದಿತ ದಾಖಲೆಯ ದೃಢೀಕೃತ ನಕಲು, ಒಂದು ಭೂತಗನ್ನಡಿ, ಒಂದು ನೋಟ್ ಪುಸ್ತಕ. ನೋಟ್ ಪುಸ್ತಕದಲ್ಲಿ ನಾಲ್ಕು ಅಂಕಣ ಎಳೆಯಿರಿ: ಸಹಿ ಇರುವ ದಾಖಲೆ, ಅದರ ದಿನಾಂಕ, ಮೂಲ ಪ್ರತಿ ಯಾರ ಬಳಿ ಇದೆ, ಅದನ್ನು ತರಿಸುವ ದಾರಿ. ಮುಂದಿನ ಎಲ್ಲ ಹಂತಗಳಿಗೂ ಈ ಪಟ್ಟಿಯೇ ಆಧಾರ.

ಕಾಯ್ದೆಯ ಕಲಂಗಳ ವಿಚಾರದಲ್ಲಿ ಒಂದು ಎಚ್ಚರಿಕೆ. 2024ರ ಜುಲೈ 1ರಿಂದ 1872ರ ಸಾಕ್ಷ್ಯ ಅಧಿನಿಯಮದ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಬಂದಿದೆ. ತಜ್ಞರ ಅಭಿಪ್ರಾಯಕ್ಕೆ ಸಂಬಂಧಿಸಿದ ಹಳೆಯ 45ನೇ ಕಲಂ ಈಗ 39. ನ್ಯಾಯಾಲಯವೇ ಸಹಿ ಹೋಲಿಸಿ ನೋಡುವ ಹಳೆಯ 73ನೇ ಕಲಂ ಈಗ 72. ಅಭ್ಯಾಸಬಲದಿಂದ ಹೊಸ ಕಾಯ್ದೆಯ ಹೆಸರಿನ ಮುಂದೆ “45” ಎಂದು ಬರೆದ ಅರ್ಜಿಗಳನ್ನು ನೋಡಿದ್ದೇನೆ. ಹೊಸ ಕಾಯ್ದೆಯ 45 ಬೇರೆಯೇ, ಅದು ಅಭಿಪ್ರಾಯಕ್ಕೆ ಇರುವ ಆಧಾರಗಳನ್ನು ಕುರಿತದ್ದು, ಅಂದರೆ ಹಳೆಯ 51. ಹೊಸ ಕಾಯ್ದೆ ಜಾರಿಯಾದ ದಿನಕ್ಕೆ ಮೊದಲೇ ಬಾಕಿಯಿದ್ದ ದಾವೆಗಳಿಗೆ ಹಳೆಯ ಕಾಯ್ದೆಯೇ ಅನ್ವಯಿಸುತ್ತದೆ ಎಂದು ಹೊಸ ಕಾಯ್ದೆಯ 170ನೇ ಕಲಂ ಹೇಳುತ್ತದೆ. ಆದ್ದರಿಂದ ನಿಮ್ಮ ದಾವೆ ದಾಖಲಾದ ದಿನಾಂಕವನ್ನು ಮೊದಲು ನೋಡಿ.

ಹಂತ 1: ಏನನ್ನು ಅಲ್ಲಗಳೆಯುತ್ತಿದ್ದೀರಿ ಎಂದು ಸ್ಪಷ್ಟಪಡಿಸಿಕೊಳ್ಳಿ

“ಆ ಕರಾರು ಸುಳ್ಳು, ಸೃಷ್ಟಿಸಿದ್ದು” ಎಂದಷ್ಟೇ ಬರೆದ ಲಿಖಿತ ಹೇಳಿಕೆಯಿಂದ ಹೆಚ್ಚು ಪ್ರಯೋಜನವಿಲ್ಲ. ಸಹಿ ನಿಮ್ಮದಲ್ಲವೇ? ಸಹಿ ನಿಮ್ಮದೇ, ಆದರೆ ಖಾಲಿ ಕಾಗದದ ಮೇಲೆ ಹಾಕಿಸಿಕೊಂಡರೇ? ಅಥವಾ ಸಾಲದ ಭದ್ರತಾ ಪತ್ರ ಎಂದು ಹೇಳಿ ಕ್ರಯದ ಕರಾರಿಗೆ ಸಹಿ ಮಾಡಿಸಿದರೇ? ಇವು ಮೂರು ಬೇರೆ ಬೇರೆ ಪ್ರತಿವಾದಗಳು.

ಮೊದಲನೆಯದಕ್ಕೆ ಮಾತ್ರ ಸಹಿ ಹೋಲಿಕೆ ಉಪಯೋಗಕ್ಕೆ ಬರುತ್ತದೆ. ಎರಡನೆಯದರಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಬರಹ ಮತ್ತು ಸಹಿಯ ಗೆರೆಗಳು ಒಂದನ್ನೊಂದು ದಾಟುವ ಜಾಗವಿದ್ದರೆ ಯಾವುದು ಮೊದಲು ಬಿತ್ತು, ಸಾಲುಗಳನ್ನು ಸಹಿಯ ಮೇಲಿನ ಜಾಗಕ್ಕೆ ತುರುಕಿದ ಕುರುಹು ಇದೆಯೇ ಎಂಬುದು. ಮೂರನೆಯದರಲ್ಲಿ ತಜ್ಞರಿಗೆ ಕೆಲಸವೇ ಇಲ್ಲ, ಅಲ್ಲಿ ಬೇಕಾದದ್ದು ಸಾಕ್ಷಿಗಳು ಮತ್ತು ಹಣದ ಲೆಕ್ಕ.

ಅಪಾಯದ ಸೂಚನೆ: ಲಿಖಿತ ಹೇಳಿಕೆಯಲ್ಲಿ “ಸಹಿ ನನ್ನದಲ್ಲ” ಎಂದು ಬರೆದು, ಪಾಟೀಸವಾಲಿನಲ್ಲಿ (ಎದುರು ಪಕ್ಷದ ವಕೀಲರು ಪ್ರಶ್ನೆ ಕೇಳುವಾಗ) “ನಂಬಿ ಸಹಿ ಹಾಕಿದೆ” ಎಂದುಬಿಡುವುದು. ಇಷ್ಟಾದ ಮೇಲೆ ತಜ್ಞರ ಅರ್ಜಿಗೆ ಜೀವ ಉಳಿಯುವುದಿಲ್ಲ.

ಹಂತ 2: ಸಾಬೀತುಪಡಿಸುವ ಹೊಣೆ ಯಾರ ಮೇಲಿದೆ ಎಂದು ಕೇಳಿ

ಸಹಿ ಅಲ್ಲಗಳೆದವರೇ ತಜ್ಞರ ಅರ್ಜಿ ಹಾಕಬೇಕು ಎಂಬ ನಂಬಿಕೆ ನಮ್ಮ ಕಡೆ ಬಹಳ ಗಟ್ಟಿಯಾಗಿದೆ. ತಿರುವೆಂಗಡಂ ಪಿಳ್ಳೈ ವಿರುದ್ಧ ನವನೀತಮ್ಮಾಳ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಇದನ್ನು ತಿದ್ದಿದೆ. ಕರಾರು ಇದೆ ಎಂದು ದಾವೆ ತಂದವರೇ ಅದನ್ನು ಸಾಬೀತುಪಡಿಸಬೇಕು. ಇಲ್ಲ ಎಂದವರು ಇಲ್ಲದ್ದನ್ನು ಸಾಬೀತುಪಡಿಸಬೇಕಿಲ್ಲ.

ಹಾಗಾದರೆ ಪ್ರತಿವಾದಿ ಸುಮ್ಮನೆ ಕುಳಿತಿರಬಹುದೇ? ಕೆಲವೊಮ್ಮೆ ಅದೇ ಜಾಣತನ. ವಾದಿಯ ಸಾಕ್ಷಿಗಳು ದುರ್ಬಲರಾಗಿದ್ದು, ನಿಮ್ಮ ಹತ್ತಿರ ಅದೇ ಕಾಲದ ಒಳ್ಳೆಯ ಸಹಿಗಳು ಇಲ್ಲದಿದ್ದರೆ, ನೀವಾಗಿ ಅರ್ಜಿ ಹಾಕಿ ಅಸ್ಪಷ್ಟ ವರದಿ ತರಿಸಿಕೊಳ್ಳುವುದರಿಂದ ನಷ್ಟ ನಿಮಗೇ. ಆದರೆ ಕರಾರಿಗೆ ಸಹಿ ಹಾಕಿದ ಸಾಕ್ಷಿಗಳು ಗಟ್ಟಿಯಾಗಿ ನುಡಿದಿದ್ದರೆ ಹೊಣೆ ನಿಮ್ಮ ಕಡೆಗೆ ವಾಲುತ್ತದೆ. ಆಗ ಸುಮ್ಮನಿರುವಂತಿಲ್ಲ. ಈ ತೀರ್ಮಾನವನ್ನು ವಕೀಲರೊಂದಿಗೆ ಕುಳಿತು, ಕಾಗದ ಮುಂದಿಟ್ಟುಕೊಂಡು ಮಾಡಿ.

ಉಯಿಲಿನ ವಿಷಯದಲ್ಲಿ ಇನ್ನೊಂದು ಮಾತು. ಸಹಿ ಮೃತರದ್ದೇ ಎಂದು ತಜ್ಞರು ಹೇಳಿದರೂ ಉಯಿಲು ಅಷ್ಟಕ್ಕೇ ಸಾಬೀತಾಗುವುದಿಲ್ಲ. ದೃಢೀಕರಿಸಿದ ಸಾಕ್ಷಿಗಳಲ್ಲಿ ಬದುಕಿರುವ ಒಬ್ಬರನ್ನಾದರೂ ವಿಚಾರಣೆಗೆ ಕರೆಸಲೇಬೇಕು.

ಹಂತ 3: ಮೂಲ ದಾಖಲೆಯನ್ನು ಕಾಪಾಡಿ

ನಕಲು ಪ್ರತಿಯಲ್ಲಿ ಲೇಖನಿಯ ಒತ್ತಡ ಕಾಣುವುದಿಲ್ಲ, ಲೇಖನಿ ಎತ್ತಿ ಮತ್ತೆ ಇಟ್ಟ ಜಾಗ ಕಾಣುವುದಿಲ್ಲ, ಶಾಯಿಯ ಪದರ ಕಾಣುವುದಿಲ್ಲ. ಸಹಿಯನ್ನು ನಿಧಾನವಾಗಿ ಬಿಡಿಸಿದ್ದೋ ಸಹಜವಾಗಿ ಎಳೆದದ್ದೋ ಎಂಬುದು ಈ ಗುರುತುಗಳಿಂದಲೇ ತಿಳಿಯುವುದು. ಮೂಲ ಪ್ರತಿ ಎದುರಾಳಿಯ ಬಳಿಯೇ ಇದ್ದರೆ ಅದನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಂತೆ ಮೊದಲೇ ಅರ್ಜಿ ಹಾಕಿಸಿ.

ಮೂಲ ಪ್ರತಿ ನಿಮ್ಮ ಕೈಯಲ್ಲಿದ್ದರೆ ಲ್ಯಾಮಿನೇಷನ್ ಮಾಡಿಸಬೇಡಿ. ಹಳೆಯ ಪತ್ರ ಹರಿಯುತ್ತದೆ ಎಂದು ಮನೆಯವರು ಪ್ರೀತಿಯಿಂದ ಮಾಡಿಸಿಟ್ಟ ಪ್ಲಾಸ್ಟಿಕ್ ಹೊದಿಕೆಯಿಂದಾಗಿ ಪರೀಕ್ಷೆಯೇ ಕೈಬಿಟ್ಟುಹೋಗಬಹುದು. ಸಹಿಯ ಮೇಲೆ ಮಡಿಕೆ ಬೀಳಬಾರದು, ಪಿನ್ ಚುಚ್ಚಬಾರದು, ಪೆನ್ಸಿಲಿನಿಂದಲೂ ಸುತ್ತು ಹಾಕಬಾರದು. ನ್ಯಾಯಾಲಯದಲ್ಲಿ ದಾಖಲೆಗೆ ನಿಶಾನೆ (ಸಾಕ್ಷ್ಯದ ಗುರುತು ಸಂಖ್ಯೆ) ಹಾಕುವಾಗ ಮೊಹರು ಸಹಿಯ ಮೇಲೆ ಬೀಳದಂತೆ ವಕೀಲರು ವಿನಂತಿಸಿಕೊಳ್ಳಲಿ. ಇದು ಸಣ್ಣ ವಿಷಯವಲ್ಲ, ಮೊಹರಿನ ಶಾಯಿ ಹರಡಿದ ಹೆಬ್ಬೆಟ್ಟನ್ನು ಯಾವ ತಜ್ಞರೂ ಬಿಡಿಸಿ ಓದಲಾರರು.

ಹಂತ 4: ಅದೇ ಕಾಲದ ಒಪ್ಪಿತ ಸಹಿಗಳನ್ನು ಹುಡುಕಿ

ಎಲ್ಲ ಹಂತಗಳಲ್ಲಿ ಇದೇ ದೊಡ್ಡದು. ಮನುಷ್ಯನ ಸಹಿ ವರ್ಷಗಳು ಕಳೆದಂತೆ ಬದಲಾಗುತ್ತದೆ, ಒಂದೇ ದಿನ ಹಾಕಿದ ಎರಡು ಸಹಿಗಳೂ ಪಡಿಯಚ್ಚು ಆಗಿರುವುದಿಲ್ಲ. ಈ ಸಹಜ ವ್ಯತ್ಯಾಸದ ಮಿತಿ ಎಷ್ಟು ಎಂದು ತಿಳಿದ ಮೇಲೆಯೇ ವಿವಾದಿತ ಸಹಿ ಆ ಮಿತಿಯ ಒಳಗಿದೆಯೋ ಹೊರಗಿದೆಯೋ ಎಂದು ತಜ್ಞರು ಹೇಳಬಲ್ಲರು. ಒಂದೋ ಎರಡೋ ಸಹಿ ಕೊಟ್ಟರೆ ಆ ಮಿತಿ ಸಿಗುವುದಿಲ್ಲ. ವಿವಾದಿತ ದಾಖಲೆಯ ದಿನಾಂಕದ ಹಿಂದೆ ಮುಂದೆ ಎರಡು ಮೂರು ವರ್ಷಗಳೊಳಗಿನ ಆರರಿಂದ ಹತ್ತು ಸಹಿಗಳನ್ನು ಗುರಿಯಾಗಿಟ್ಟುಕೊಳ್ಳಿ.

ಬಹುತೇಕರು ವಕಾಲತ್ತು (ವಕೀಲರನ್ನು ನೇಮಿಸಿಕೊಂಡ ಪತ್ರ) ಮತ್ತು ಲಿಖಿತ ಹೇಳಿಕೆಯ ಮೇಲಿನ ಸಹಿಯನ್ನೇ ತೋರಿಸಿ, ಇದರೊಂದಿಗೆ ಹೋಲಿಸಿ ಎನ್ನುತ್ತಾರೆ. ಅವು ವಿವಾದ ಹುಟ್ಟಿದ ಮೇಲೆ ಹಾಕಿದ ಸಹಿಗಳು. ಬೇಕೆಂದೇ ಬದಲಾಯಿಸಿ ಹಾಕಿರಬಹುದು ಎಂಬ ಆಕ್ಷೇಪ ಕೂಡಲೇ ಬರುತ್ತದೆ, ನ್ಯಾಯಾಲಯ ಅದನ್ನು ಒಪ್ಪುವ ಸಾಧ್ಯತೆಯೂ ಹೆಚ್ಚು. ನನ್ನ ವೃತ್ತಿಯ ಮೊದಲ ವರ್ಷಗಳಲ್ಲಿ ವಿಶ್ವೇಶ್ವರಯ್ಯ ನಾಲೆಯ ಬಯಲಿನ ಒಂದು ಗದ್ದೆಯ ದಾವೆಯಲ್ಲಿ ನಾನೂ ಇದೇ ತಪ್ಪು ಮಾಡಿದೆ. ಕರಾರಿಗೂ ವಕಾಲತ್ತಿಗೂ ನಡುವೆ ಹನ್ನೊಂದು ವರ್ಷಗಳ ಅಂತರವಿತ್ತು. ವರದಿ “ಅಭಿಪ್ರಾಯ ಸಾಧ್ಯವಿಲ್ಲ” ಎಂದು ಬಂತು. ಆ ವೃದ್ಧರು ಕರಾರಿನ ಕಾಲದಲ್ಲಿ ಹಾಲಿನ ಡೇರಿಯ ಬಟವಾಡೆ ಪುಸ್ತಕಕ್ಕೆ ವಾರವಾರವೂ ಸಹಿ ಹಾಕುತ್ತಿದ್ದರು ಎಂದು ಆಮೇಲೆ ಅವರ ಮಗಳು ಹೇಳಿದರು. ನಾನು ಕೇಳಿರಲೇ ಇಲ್ಲ. ಅಂದಿನಿಂದ ಕಕ್ಷಿದಾರರನ್ನು ಕೂರಿಸಿಕೊಂಡು ಮೊದಲು ಕೇಳುವ ಪ್ರಶ್ನೆಯೇ ಇದು: ಆ ವರ್ಷಗಳಲ್ಲಿ ನೀವು ಎಲ್ಲೆಲ್ಲಿ ಸಹಿ ಹಾಕುತ್ತಿದ್ದಿರಿ?

ನಮ್ಮ ಜಿಲ್ಲೆಗಳಲ್ಲಿ ಹುಡುಕಬೇಕಾದ ಜಾಗಗಳು ಬೇಕಾದಷ್ಟಿವೆ. ಬ್ಯಾಂಕಿನ ಮಾದರಿ ಸಹಿ ಕಾರ್ಡು ಮತ್ತು ಹಣ ತೆಗೆದ ಚೀಟಿಗಳು. ಸೊಸೈಟಿಯ ಬೆಳೆ ಸಾಲದ ಕಡತ. ಹಾಲು ಉತ್ಪಾದಕರ ಸಂಘದ ಪುಸ್ತಕ. ಸಕ್ಕರೆ ಕಾರ್ಖಾನೆಗೆ ಕಬ್ಬು ಒಪ್ಪಿಸಿದ ಕರಾರು ಮತ್ತು ಬಿಲ್ಲಿನ ರಸೀದಿ. ವಿಮೆಯ ಅರ್ಜಿ, ಪಾಸ್‌ಪೋರ್ಟ್ ಅರ್ಜಿ. ಸರ್ಕಾರಿ ನೌಕರರಾಗಿದ್ದರೆ ಸೇವಾ ಪುಸ್ತಕ, ಪಿಂಚಣಿದಾರರಾಗಿದ್ದರೆ ಪ್ರತಿ ನವೆಂಬರಿನಲ್ಲಿ ಕೊಡುವ ಜೀವಿತ ಪ್ರಮಾಣಪತ್ರ. ಪಂಚಾಯಿತಿ ಸದಸ್ಯರಾಗಿದ್ದರೆ ಸಭೆಯ ನಡಾವಳಿ ಪುಸ್ತಕ. ಎಲ್ಲಕ್ಕಿಂತ ಮೇಲು, ಅದೇ ಕಾಲದಲ್ಲಿ ಬೇರೆ ಜಮೀನಿಗಾಗಿ ಮಾಡಿದ, ಇಬ್ಬರೂ ಒಪ್ಪುವ ನೋಂದಾಯಿತ ಪತ್ರ.

ಉಯಿಲಿನಲ್ಲಾದರೆ ಕಾಯಿಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೈ ನಡುಗುತ್ತಿದ್ದ ಕಾಲದ ಸಹಿಯನ್ನು ಗಟ್ಟಿಮುಟ್ಟಾಗಿದ್ದ ಕಾಲದ ಸಹಿಯೊಂದಿಗೆ ಹೋಲಿಸಿದರೆ ಅಸಲಿಯೂ ನಕಲಿಯಂತೆ ಕಾಣುತ್ತದೆ. ಆಸ್ಪತ್ರೆಯ ಒಪ್ಪಿಗೆ ಪತ್ರದ ಮೇಲಿನ ಸಹಿ ಇಂಥಲ್ಲಿ ಬಹಳ ಬೆಲೆಯುಳ್ಳದ್ದು.

ಲಿಪಿಯೂ ಒಂದೇ ಆಗಿರಬೇಕು. ಕನ್ನಡ ಸಹಿಯನ್ನು ಇಂಗ್ಲಿಷ್ ಸಹಿಯೊಂದಿಗೆ ಹೋಲಿಸಲು ಬರುವುದಿಲ್ಲ. ನಮ್ಮಲ್ಲಿ ನಡುವಯಸ್ಸಿನಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಸಹಿ ಬದಲಾಯಿಸಿಕೊಂಡವರು ಅನೇಕರಿದ್ದಾರೆ, ಯಾವ ವರ್ಷದಿಂದ ಬದಲಾಯಿತೆಂದು ಕೇಳಿ ಬರೆದಿಟ್ಟುಕೊಳ್ಳಿ. ಕನ್ನಡ ಸಹಿಯಲ್ಲಿ ತಲೆಕಟ್ಟನ್ನು ಮೊದಲು ಹಾಕುತ್ತಾರೋ ಕೊನೆಗೋ, ಒತ್ತಕ್ಷರಕ್ಕೆ ಲೇಖನಿ ಎತ್ತುತ್ತಾರೋ ಒಂದೇ ಎಳೆತದಲ್ಲಿ ಇಳಿಸುತ್ತಾರೋ, ಕೊಂಬು ಎಲ್ಲಿ ನಿಲ್ಲುತ್ತದೆ ಎಂಬಂಥ ಅಭ್ಯಾಸಗಳು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗುತ್ತವೆ. ಆದ್ದರಿಂದ ಕನ್ನಡ ಬರಹ ಬಲ್ಲ ಪರೀಕ್ಷಕರನ್ನು ಕೇಳಿಕೊಳ್ಳುವುದು ನ್ಯಾಯವಾದ ಬೇಡಿಕೆ.

ಹೆಬ್ಬೆಟ್ಟಿನ ಲೆಕ್ಕ ಬೇರೆ. ಬೆರಳ ರೇಖೆಗಳ ವಿನ್ಯಾಸ ಬದುಕಿನುದ್ದಕ್ಕೂ ಬದಲಾಗುವುದಿಲ್ಲ. ಹಾಗಾಗಿ ಇಂದು ತೆಗೆದುಕೊಂಡ ಗುರುತನ್ನೂ ಮೂವತ್ತು ವರ್ಷ ಹಿಂದಿನದರೊಂದಿಗೆ ಹೋಲಿಸಬಹುದು. ಇಲ್ಲಿ ತೊಡಕು ಸ್ಪಷ್ಟತೆಯದು. ಶಾಯಿ ಹೆಚ್ಚಾಗಿ ಮೆತ್ತಿಕೊಂಡ, ಜಾರಿದ ಗುರುತಿನಲ್ಲಿ ರೇಖೆಗಳೇ ಇರುವುದಿಲ್ಲ. ಭೂತಗನ್ನಡಿಯಿಂದ ನೋಡಿ ರೇಖೆಗಳು ಬಿಡಿಬಿಡಿಯಾಗಿ ಕಾಣದಿದ್ದರೆ ಹೆಚ್ಚಿನ ಭರವಸೆ ಇಟ್ಟುಕೊಳ್ಳಬೇಡಿ. ಹೆಬ್ಬೆಟ್ಟು ಒತ್ತಿದವರು ತೀರಿಕೊಂಡಿದ್ದರೆ ಉಪನೋಂದಣಿ ಕಚೇರಿಯ ಹೆಬ್ಬೆಟ್ಟಿನ ಪುಸ್ತಕವನ್ನು ತರಿಸುವ ದಾರಿ ಇದೆ.

ಹಂತ 5: ಆ ಸಹಿಗಳನ್ನು ನ್ಯಾಯಾಲಯದ ಮುಂದೆ “ಒಪ್ಪಿತ” ಮಾಡಿಸಿ

ಸಹಿ ಸಿಕ್ಕಿತೆಂದು ನೇರವಾಗಿ ಅರ್ಜಿಗೆ ಲಗತ್ತಿಸಿದರೆ ಸಾಲದು. ಕಾಯ್ದೆ ಕೇಳುವುದು ಒಪ್ಪಿಕೊಂಡ ಅಥವಾ ಸಾಬೀತಾದ ಸಹಿಯನ್ನು. ಎದುರಾಳಿಯೇ ಪಾಟೀಸವಾಲಿನಲ್ಲಿ “ಹೌದು, ಈ ಸಹಿ ಅಸಲಿ” ಎಂದರೆ ಅದಕ್ಕಿಂತ ಸುಲಭದ ದಾರಿಯಿಲ್ಲ. ಒಪ್ಪದಿದ್ದರೆ ಬ್ಯಾಂಕಿನ ಅಥವಾ ಸೊಸೈಟಿಯ ಅಧಿಕಾರಿಗೆ ಸಮನ್ಸ್ ಕಳುಹಿಸಿ, ಮೂಲ ಕಡತವನ್ನು ತರಿಸಿ, ಅವರ ಬಾಯಿಂದ ಸಾಬೀತುಪಡಿಸಬೇಕು. ಸಂಸ್ಥೆಗಳು ಹಳೆಯ ಕಡತಗಳನ್ನು ಅವಧಿ ಮುಗಿದ ಮೇಲೆ ನಾಶಪಡಿಸುತ್ತವೆ. ಆದ್ದರಿಂದ ದಾವೆಯ ಆರಂಭದಲ್ಲೇ “ಈ ಕಡತವನ್ನು ಉಳಿಸಿಡಿ” ಎಂದು ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಹಂತ 6: ಅರ್ಜಿ ಬರೆಯುವುದು

ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 10-ಎ ನಿಯಮ ವೈಜ್ಞಾನಿಕ ತನಿಖೆಗಾಗಿ ಆಯುಕ್ತರನ್ನು, ಅಂದರೆ ನ್ಯಾಯಾಲಯದ ಪರವಾಗಿ ಪರೀಕ್ಷಿಸಿ ವರದಿ ಕೊಡುವ ತಜ್ಞರನ್ನು, ನೇಮಿಸುವ ಅಧಿಕಾರ ಕೊಡುತ್ತದೆ. ಅರ್ಜಿಯನ್ನು ಈ ನಿಯಮ ಮತ್ತು ಸಾಕ್ಷ್ಯ ಕಾಯ್ದೆಯ ತಜ್ಞರ ಕಲಂ, ಎರಡರ ಅಡಿಯಲ್ಲೂ ಹಾಕುವುದು ಕ್ಷೇಮ. ಜೊತೆಗಿನ ಪ್ರಮಾಣಪತ್ರದಲ್ಲಿ (ಅಫಿಡವಿಟ್) ಇಷ್ಟು ಇರಲಿ: ವಿವಾದಿತ ಸಹಿ ಯಾವ ನಿಶಾನೆಯ ಯಾವ ಪುಟದಲ್ಲಿದೆ, ಒಪ್ಪಿತ ಸಹಿಗಳು ಯಾವ ನಿಶಾನೆಗಳಲ್ಲಿವೆ, ಅವುಗಳ ದಿನಾಂಕ, ಈ ಪ್ರಶ್ನೆ ತೀರ್ಮಾನವಾಗದೆ ಯಾವ ವಿವಾದಾಂಶಕ್ಕೆ ಉತ್ತರ ಸಿಗುವುದಿಲ್ಲ.

ತಜ್ಞರಿಗೆ ಕೇಳುವ ಪ್ರಶ್ನೆ ಕಿರಿದಾಗಿರಲಿ. “ಈ ಕರಾರು ಅಸಲಿಯೇ?” ಎಂಬುದು ತಜ್ಞರು ಉತ್ತರಿಸಬಹುದಾದ ಪ್ರಶ್ನೆಯಲ್ಲ, ಅದು ನ್ಯಾಯಾಧೀಶರದ್ದು. “ಕ್ಯೂ-1 ಎಂದು ಗುರುತಿಸಿದ ಸಹಿಯನ್ನು ಎ-1ರಿಂದ ಎ-8ರವರೆಗಿನ ಸಹಿಗಳನ್ನು ಹಾಕಿದವರೇ ಹಾಕಿದ್ದಾರೆಯೇ?” ಎಂದು ಕೇಳಿ. ಇಲ್ಲಿ ಕ್ಯೂ ಎಂದರೆ ವಿವಾದಿತ ಸಹಿ, ಎ ಎಂದರೆ ಒಪ್ಪಿತ ಸಹಿ.

ಶಾಯಿಯ ವಯಸ್ಸು ಹೇಳಿಸಿ ಎಂಬ ಬೇಡಿಕೆಯನ್ನು ಸೇರಿಸುವ ಮುನ್ನ ಎರಡು ಸಲ ಯೋಚಿಸಿ. ಎರಡು ಶಾಯಿಗಳು ಒಂದೇ ಬಗೆಯವೋ ಬೇರೆಯೋ ಎಂದು ಹೇಳುವುದು ಸಾಧ್ಯ. ಇಂಥ ವರ್ಷದಲ್ಲೇ ಬರೆದದ್ದೆಂದು ನಿಖರವಾಗಿ ಹೇಳುವ, ನ್ಯಾಯಾಲಯಗಳು ನೆಚ್ಚಿಕೊಂಡ ವಿಧಾನ ನಮ್ಮಲ್ಲಿ ಇಲ್ಲವೆಂದು ಅನೇಕ ಅರ್ಜಿಗಳು ಬಿದ್ದುಹೋಗಿವೆ.

ಸಮಯವೂ ಮುಖ್ಯ. ಒಪ್ಪಿತ ಸಹಿಗಳು ದಾಖಲೆಗೆ ಬಂದ ಕೂಡಲೇ ಅರ್ಜಿ ಹಾಕಿ. ವಾದ ಮುಗಿಯುವ ಹೊತ್ತಿಗೆ ಹಾಕಿದ ಅರ್ಜಿಯನ್ನು ಕಾಲಹರಣದ ತಂತ್ರ ಎಂದೇ ಓದುತ್ತಾರೆ.

ಹಂತ 7: ನ್ಯಾಯಾಲಯದಲ್ಲಿ ಮಾದರಿ ಪಡೆಯುವಾಗ

ಹೊಸ ಸಾಕ್ಷ್ಯ ಕಾಯ್ದೆಯ 72ನೇ ಕಲಂ ಪ್ರಕಾರ ನ್ಯಾಯಾಲಯವು ಹಾಜರಿರುವ ವ್ಯಕ್ತಿಯಿಂದ ಬರೆಸಿಕೊಳ್ಳಬಹುದು, ಬೆರಳ ಗುರುತು ಪಡೆಯಬಹುದು. ಮಾದರಿ ಸಹಿ ಒಪ್ಪಿತ ಸಹಿಗೆ ಪೂರಕ, ಬದಲಿಯಲ್ಲ. ವಿವಾದಿತ ದಾಖಲೆಯನ್ನು ಬರೆಯುವವರಿಗೆ ತೋರಿಸಬಾರದು. ಹತ್ತು ಹದಿನೈದು ಬೇರೆ ಬೇರೆ ಹಾಳೆಗಳಲ್ಲಿ ಬರೆಸಿ, ಒಂದು ಮುಗಿದೊಡನೆ ಅದನ್ನು ತೆಗೆದಿಟ್ಟು ಇನ್ನೊಂದು ಕೊಡಬೇಕು. ಪ್ರೋನೋಟಿನಲ್ಲಿ ಸಹಿ ರೆವಿನ್ಯೂ ಸ್ಟಾಂಪಿನ ಮೇಲೆ ಇದ್ದರೆ ಅಷ್ಟೇ ಅಳತೆಯ ಚೌಕದಲ್ಲಿ ಬರೆಸುವಂತೆ ಕೇಳಿಕೊಳ್ಳಿ. ಇಕ್ಕಟ್ಟಿನ ಜಾಗದಲ್ಲಿ ಸಹಿಯ ಆಕಾರವೇ ಬದಲಾಗುತ್ತದೆ.

ಹೆಬ್ಬೆಟ್ಟಿಗೆ: ಸೋಪಿನಿಂದ ತೊಳೆದು, ಪೂರ್ತಿ ಒಣಗಿಸಿ, ಶಾಯಿಯನ್ನು ತೆಳುವಾಗಿ ಹಚ್ಚಿ, ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಮ್ಮೆ ಮಾತ್ರ ಹೊರಳಿಸಬೇಕು. ಕಬ್ಬು ಕಡಿಯುವವರ, ಗಾರೆ ಕೆಲಸದವರ ಬೆರಳ ರೇಖೆಗಳು ಸವೆದಿರುತ್ತವೆ. ಕೆಲವು ದಿನ ಕೆಲಸದಿಂದ ಬಿಡುವು ಪಡೆದು ಬಂದರೆ ಗುರುತು ಚೆನ್ನಾಗಿ ಮೂಡುತ್ತದೆ. ಯಾವ ಕೈ ಎಂದು ಹಾಳೆಯ ಮೇಲೆ ಬರೆಸಲು ಮರೆಯಬೇಡಿ.

ಹಂತ 8: ಯಾರಿಗೆ, ಹೇಗೆ ಕಳುಹಿಸುವುದು

ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯ ಬೆಂಗಳೂರಿನ ಮಡಿವಾಳದಲ್ಲಿದೆ, ಮೈಸೂರಿನಲ್ಲಿ ಪ್ರಾದೇಶಿಕ ಪ್ರಯೋಗಾಲಯವಿದೆ. ದಾಖಲೆ ಪರೀಕ್ಷೆಯ ವಿಭಾಗ ಎಲ್ಲಿದೆ, ಸಿವಿಲ್ ದಾವೆಯ ದಾಖಲೆಗಳನ್ನು ಸ್ವೀಕರಿಸುತ್ತಾರೆಯೇ, ಶುಲ್ಕ ಎಷ್ಟು ಎಂದು ಆದೇಶಕ್ಕೆ ಮೊದಲೇ ವಿಚಾರಿಸಿ. ಆದೇಶವಾಗಿ, ದಾಖಲೆ ಹೋಗಿ, ತಿಂಗಳುಗಳ ಮೇಲೆ “ನಾವು ಇದನ್ನು ತೆಗೆದುಕೊಳ್ಳುವುದಿಲ್ಲ” ಎಂಬ ಪತ್ರದೊಂದಿಗೆ ಮರಳಿ ಬಂದದ್ದುಂಟು. ಖಾಸಗಿ ತಜ್ಞರಾದರೆ ಎರಡೂ ಕಡೆಯವರು ಹೆಸರು ಕೊಟ್ಟು ನ್ಯಾಯಾಲಯವೇ ಆಯ್ಕೆ ಮಾಡಲಿ. ನೀವೇ ಹಣ ಕೊಟ್ಟು ಹೊರಗಡೆ ನಕಲು ತೋರಿಸಿ ತಂದ ಅಭಿಪ್ರಾಯಕ್ಕೆ ಪಾಟೀಸವಾಲಿನಲ್ಲಿ ಹೆಚ್ಚು ಆಯುಷ್ಯವಿಲ್ಲ.

ದಾಖಲೆಗಳನ್ನು ಎರಡು ರಟ್ಟುಗಳ ನಡುವೆ ಇಟ್ಟು, ಮೊಹರು ಮಾಡಿದ ಲಕೋಟೆಯಲ್ಲಿ ನ್ಯಾಯಾಲಯದ ಮೂಲಕವೇ ಕಳುಹಿಸಬೇಕು. ವಿಳಾಸವನ್ನು ಲಕೋಟೆ ಖಾಲಿಯಿರುವಾಗಲೇ ಬರೆಯಬೇಕು. ಆಮೇಲೆ ಬರೆದರೆ ಲೇಖನಿಯ ಒತ್ತು ಒಳಗಿನ ಕಾಗದದ ಮೇಲೆ ಮೂಡುತ್ತದೆ. ಕಳುಹಿಸುವ ಮೊದಲು ದೃಢೀಕೃತ ವರ್ಣ ನಕಲನ್ನು ಕಡತದಲ್ಲಿ ಉಳಿಸಿಸಿ.

ಹಂತ 9: ವರದಿ ಬಂದ ಮೇಲೆ

ಕೊನೆಯ ಸಾಲನ್ನು ಮೊದಲು ಓದಬೇಡಿ, ಕಾರಣಗಳನ್ನು ಓದಿ. ಯಾವ ದಾಖಲೆಗಳನ್ನು ನೋಡಿದರು, ಯಾವ ಉಪಕರಣ ಬಳಸಿದರು, ದೊಡ್ಡದು ಮಾಡಿದ ಛಾಯಾಚಿತ್ರಗಳು ಜೊತೆಗಿವೆಯೇ, ಹೋಲುವ ಅಂಶಗಳ ಜೊತೆಗೆ ಹೋಲದ ಅಂಶಗಳನ್ನೂ ಹೇಳಿ ಅವುಗಳಿಗೆ ವಿವರಣೆ ಕೊಟ್ಟಿದ್ದಾರೆಯೇ? ಒಂದೇ ಪುಟದಲ್ಲಿ “ಒಂದೇ ವ್ಯಕ್ತಿಯ ಸಹಿ” ಎಂದು ಮುಗಿಸಿದ ವರದಿ ನಿಮ್ಮ ಪರವಾಗಿದ್ದರೂ ಅಪಾಯಕಾರಿ. ಮುರಾರಿ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು ಇಲ್ಲಿಗೆ ನೇರವಾಗಿ ಅನ್ವಯಿಸುತ್ತದೆ: ಕೈಬರಹ ತಜ್ಞರ ಅಭಿಪ್ರಾಯಕ್ಕೆ ಬೇರೆ ಸಾಕ್ಷ್ಯದ ಬೆಂಬಲ ಇರಲೇಬೇಕೆಂಬ ಕಡ್ಡಾಯ ನಿಯಮವೇನೂ ಇಲ್ಲ, ಆದರೆ ನ್ಯಾಯಾಲಯ ಎಚ್ಚರದಿಂದಿದ್ದು ಅದರ ಕಾರಣಗಳನ್ನು ಕೆದಕಿ ನೋಡಬೇಕು.

“ಅಭಿಪ್ರಾಯ ಸಾಧ್ಯವಿಲ್ಲ” ಎಂದರೆ ಸಹಿ ನಕಲಿ ಎಂದಲ್ಲ, ಅಸಲಿ ಎಂದೂ ಅಲ್ಲ. ಏಕೆ ಸಾಧ್ಯವಾಗಲಿಲ್ಲ ಎಂಬ ಕಾರಣವನ್ನು ಹಿಡಿಯಿರಿ. ಸಹಿಗಳು ಸಾಲದು ಎಂದಿದ್ದರೆ ಹಂತ 4ಕ್ಕೆ ಮರಳಿ, ಹೊಸ ಸಹಿಗಳೊಂದಿಗೆ ಮತ್ತೆ ಕೇಳಲು ಅವಕಾಶವಿದೆ.

ಹಂತ 10: ತಜ್ಞರನ್ನು ಕಟಕಟೆಗೆ ಕರೆಸಿ

26ನೇ ಆದೇಶದ ಪ್ರಕಾರ ಆಯುಕ್ತರ ವರದಿ ದಾವೆಯಲ್ಲಿ ಸಾಕ್ಷ್ಯವಾಗುತ್ತದೆ, ನ್ಯಾಯಾಲಯದ ಅನುಮತಿ ಪಡೆದು ಆಯುಕ್ತರನ್ನು ವಿಚಾರಣೆ ಮಾಡಬಹುದು. ವರದಿ ವಿರುದ್ಧವಾಗಿದ್ದರೆ ಮೊದಲು ಲಿಖಿತ ಆಕ್ಷೇಪಣೆ ಸಲ್ಲಿಸಿ, ಆಮೇಲೆ ಕರೆಸಿ. ಆಕ್ಷೇಪಣೆ ಹಾಕದೆ ವಾದದ ದಿನ ಮಾತ್ರ ವರದಿಯನ್ನು ಟೀಕಿಸಿದರೆ ಕೇಳುವವರು ಕಡಿಮೆ. ವರದಿ ಪರವಾಗಿದ್ದರೂ ಕರೆಸುವುದೇ ಲೇಸು ಎಂಬುದು ನನ್ನ ಅನುಭವ, ಪಾಟೀಸವಾಲನ್ನು ದಾಟಿ ಬಂದ ಅಭಿಪ್ರಾಯಕ್ಕೆ ತೂಕ ಹೆಚ್ಚು.

ಕೇಳಬೇಕಾದ ಪ್ರಶ್ನೆಗಳು ಸರಳ. ಮೂಲವನ್ನು ನೋಡಿದಿರೋ ನಕಲನ್ನೋ? ಒಪ್ಪಿತ ಸಹಿಗಳಲ್ಲಿ ಎಷ್ಟು ವಿವಾದಿತ ಸಹಿಯ ಕಾಲದವು? ಆ ವ್ಯಕ್ತಿಯ ಸಹಜ ವ್ಯತ್ಯಾಸವನ್ನು ಯಾವ ಸಹಿಗಳಿಂದ ಅಳೆದಿರಿ? ಲೇಖನಿ ನಿಂತ ಜಾಗಗಳನ್ನು ಛಾಯಾಚಿತ್ರದಲ್ಲಿ ತೋರಿಸುವಿರಾ? ಕನ್ನಡ ಓದಲು ಬರೆಯಲು ಬರುತ್ತದೆಯೇ?

ಚೆಕ್ ಪ್ರಕರಣವಾದರೆ

ಇಲ್ಲಿ ಹಂತ 1ರ ತಪ್ಪೇ ಹೆಚ್ಚು ಜನರನ್ನು ಮುಳುಗಿಸಿರುವುದು. “ಸಹಿ ನನ್ನದು, ಉಳಿದದ್ದನ್ನು ಅವರೇ ತುಂಬಿಕೊಂಡರು” ಎಂದು ತಜ್ಞರಿಗೆ ಕಳುಹಿಸಲು ಕೇಳುತ್ತಾರೆ. ಬೇರೆಯವರು ತುಂಬಿದ್ದೇ ಆದರೂ, ಸ್ವಇಚ್ಛೆಯಿಂದ ಸಹಿ ಹಾಕಿ ಕೊಟ್ಟ ಚೆಕ್ಕಿಗೆ ಕಾನೂನಿನ ಪೂರ್ವಭಾವನೆ (ಸಾಲ ತೀರಿಸಲೆಂದೇ ಕೊಟ್ಟದ್ದು, ಅಲ್ಲವೆಂದು ತೋರಿಸುವವರೆಗೆ, ಎಂದು ಭಾವಿಸುವುದು) ಅನ್ವಯಿಸುತ್ತದೆ ಎಂದು 2019ರ ಬೀರ್ ಸಿಂಗ್ ತೀರ್ಪು ಹೇಳುತ್ತದೆ. ಅಂಥವರು ಸಾಲವೇ ಇರಲಿಲ್ಲ ಎಂಬುದಕ್ಕೆ ಲೆಕ್ಕಪತ್ರ ಹುಡುಕಲಿ.

ಸಹಿಯೇ ನಿಮ್ಮದಲ್ಲದಿದ್ದರೆ ಪರೀಕ್ಷೆ ಕೇಳುವುದು ನ್ಯಾಯಯುತ ವಿಚಾರಣೆಯ ಭಾಗ. ಕರ್ನಾಟಕದಿಂದಲೇ ಹೋದ ಟಿ. ನಾಗಪ್ಪ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಆರೋಪಿಯ ಈ ಹಕ್ಕನ್ನು ಎತ್ತಿಹಿಡಿದಿದೆ. ಆದರೆ ವಿಚಾರಣೆ ಮುಗಿದು ಮೇಲ್ಮನವಿಯಲ್ಲಿ ಕೇಳಿದರೆ? 2024ರ ಜನವರಿಯಲ್ಲಿ ಅಜಿತ್‌ಸಿನ್ಹ್ ರಾಠೋಡ್ ಪ್ರಕರಣದಲ್ಲಿ ಅಂಥ ಕೋರಿಕೆಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಬ್ಯಾಂಕಿನ ಮಾದರಿ ಸಹಿಯ ದೃಢೀಕೃತ ಪ್ರತಿಯನ್ನು ತರಿಸಬಹುದಿತ್ತು, ಬ್ಯಾಂಕಿನ ಸಾಕ್ಷಿಯನ್ನು ಸಹಿಯ ಬಗ್ಗೆ ಪ್ರಶ್ನಿಸಬಹುದಿತ್ತು, ಆರೋಪಿ ಎರಡನ್ನೂ ಮಾಡಿರಲಿಲ್ಲ.

ಹಾಗಾಗಿ ಚೆಕ್ ಮರಳಿದ ಮೆಮೊವನ್ನು ಮೊದಲು ನೋಡಿ. ಕಾರಣ “ಹಣ ಸಾಲದು” ಎಂದಿದೆಯೋ “ಸಹಿ ಹೊಂದುವುದಿಲ್ಲ” ಎಂದಿದೆಯೋ? ಹಣ ಸಾಲದು ಎಂದಿದ್ದರೆ, ಸಹಿಯಲ್ಲಿ ಬ್ಯಾಂಕಿಗೆ ದೋಷ ಕಂಡಿರಲಿಲ್ಲ ಎಂಬ ವಾದ ನಿಮ್ಮ ವಿರುದ್ಧ ಬರುತ್ತದೆ. ಅದೇ ವಾರ ಬ್ಯಾಂಕಿಗೆ ಹೋಗಿ ನಿಮ್ಮ ಮಾದರಿ ಸಹಿಯ ದೃಢೀಕೃತ ಪ್ರತಿಗೆ ಲಿಖಿತ ಅರ್ಜಿ ಕೊಡಿ. ಬ್ಯಾಂಕ್ ವ್ಯವಸ್ಥಾಪಕರು ಸಾಕ್ಷಿಯಾಗಿ ಬಂದ ದಿನ ಚೆಕ್ಕನ್ನೂ ಆ ಪ್ರತಿಯನ್ನೂ ಅವರ ಕೈಗೆ ಕೊಟ್ಟು, ಎರಡೂ ಹೊಂದುತ್ತವೆಯೇ ಎಂದು ನಿಮ್ಮ ವಕೀಲರು ಕೇಳಲಿ. ತಜ್ಞರ ಅರ್ಜಿಯನ್ನು ಆ ಉತ್ತರದ ಬೆನ್ನಿಗೇ ಸಲ್ಲಿಸಿ.